ಕಕ್ಕಸಿನ ಕಾನೂನು

“ಒಂದಕ್ಕೋ, ಎರಡಕ್ಕೋ?”

ಸೂಪರ್‌ವೈಸರು ಇದನ್ನು ಮೆಲ್ಲಗೆ ಕೇಳುವ ಪೈಕಿಯವನಲ್ಲ. ಇಸ್ತ್ರಿ ಕೋಣೆಯ ಈ ತುದಿಯಿಂದ ಆ ತುದಿಯವರೆಗೆ ಕೇಳಿಸಬೇಕು, ಹೊರಗೆ ವ್ಯಾನಿಗೆ ಬಟ್ಟೆಗಂಟು ಹೇರುವ ಗಂಡಸರಿಗೂ ಕೇಳಿಸಬೇಕು, ಆಗಲೇ ಅವನಿಗೆ ಸಮಾಧಾನ.

“ಒಂದಕ್ಕೆ ಸಾರ್,” ಎಂದಳು ನಾದಿನಿ, ನೆಲ ನೋಡುತ್ತ.

“ಈಗ ತಾನೆ ಹೋಗ್ ಬಂದ್ಯಲ್ಲೇ! ಹೊಟ್ಟೇಲಿ ಮಗು ಇಟ್ಕೊಂಡಿದೀಯೋ, ನಲ್ಲಿ ಇಟ್ಕೊಂಡಿದೀಯೋ?”

ಹೊರಗೆ ಯಾವನೋ ಕಿಸಕ್ಕನೆ ನಕ್ಕ. ಆ ನಗು ತನಗೆ ಹಾಕಿದ ಹಾರವೇನೋ ಎಂಬಂತೆ ಸೂಪರ್‌ವೈಸರು ಎದೆಯುಬ್ಬಿಸಿ, ಸೊಂಟದ ದಾರದಿಂದ ಬೀಗದ ಕೈ ಬಿಚ್ಚಿ ಮುಂದೆ ಚಾಚಿದ. ಅವಳು ಕೈಯೊಡ್ಡಿದಾಗ ಮೇಲಕ್ಕೆತ್ತಿದ. ಮತ್ತೆ ಚಾಚಿದ, ಮತ್ತೆ ಎತ್ತಿದ. ಮೊದಲೇ ಕಾಲುಗಳನ್ನು ಒತ್ತಿಕೊಂಡು ನಿಂತಿದ್ದ ಏಳು ತಿಂಗಳ ಬಸುರಿ ಅವನೆದುರು ತುದಿಗಾಲಲ್ಲಿ ನಿಂತು ಬೀಗದ ಕೈ ಹಿಡಿಯಬೇಕಾಯಿತು. ಹಿಡಿದವಳೇ ಅಂಗಳದ ಮೂಲೆಗೆ ಓಡಿದಳು.

ಪಕ್ಕದ ಮೇಜಿನಲ್ಲಿ ಅತ್ತಿಗೆಯ ಕೈ ನಿಂತುಹೋಗಿತ್ತು. ಕೈ ನಿಂತರೆ ಇಸ್ತ್ರಿಪೆಟ್ಟಿಗೆ ನಿಲ್ಲುತ್ತದೆಯೇ, ಅದು ಕೆಳಗಿದ್ದ ಬಿಳಿ ಬೆಡ್‌ಶೀಟನ್ನು ತಣ್ಣಗೆ ಕಂದಿಸುತ್ತಿತ್ತು. ವಾಸನೆ ಮೂಗಿಗೆ ಬಡಿದ ಮೇಲೆಯೇ ಅವಳು ಎಚ್ಚೆತ್ತು ಪೆಟ್ಟಿಗೆ ಎತ್ತಿ, ಕಂದಿದ ಜಾಗ ಒಳಗೆ ಹೋಗುವಂತೆ ಮಡಿಸಿಟ್ಟಳು. ಯಾವ ಹೋಟೆಲಿನ ಯಾವ ಸಾಹೇಬರು ಅದರ ಮೇಲೆ ಮಲಗುತ್ತಾರೋ, ಮಲಗಲಿ.

ಅತ್ತಿಗೆ ಎಂದರೆ ಆ ಬಸುರಿಯ ಅಣ್ಣನ ಹೆಂಡತಿ. ನಾದಿನಿ ಬೆಳಗಿನಿಂದ ಸಂಜೆಯವರೆಗೆ “ಅತ್ತಿಗೇ, ಅತ್ತಿಗೇ” ಎಂದು ಕೂಗಿ ಕೂಗಿ ಅವಳು ಇಡೀ ಕೋಣೆಗೇ ಅತ್ತಿಗೆಯಾಗಿಬಿಟ್ಟಿದ್ದಳು. ಬೆಡ್‌ಶೀಟ್ ಮಡಚುವ ಅಜ್ಜಿ, ಅತ್ತಿಗೆಯ ತಾಯಿಗಿಂತ ದೊಡ್ಡವಳು, ಅವಳೂ ಅತ್ತಿಗೆ ಅಂತಲೇ ಕರೆಯುತ್ತಿದ್ದಳು. ಇನ್ನು ಸೂಪರ್‌ವೈಸರಿಗೆ ಹೆಂಗಸರು ಇಟ್ಟ ಹೆಸರು ಬೀಗರು. ಬೀಗ ಇಟ್ಟುಕೊಂಡವನು, ಜೊತೆಗೆ ಹೆಣ್ಣು ಕೊಟ್ಟವರ ಹತ್ತಿರ ಮರ್ಯಾದೆ ವಸೂಲಿ ಮಾಡುವ ಗತ್ತು ಬೇರೆ. “ಬೀಗರು ಬಂದ್ರು ಕಣ್ರೇ” ಎಂದು ಅಜ್ಜಿ ಪಿಸುಗುಟ್ಟಿದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು, ಹೆಗಲು ಕುಲುಕುತ್ತಿತ್ತು.

ಊರಿನ ಹೋಟೆಲುಗಳ, ಆಸ್ಪತ್ರೆಗಳ ಬಟ್ಟೆಯೆಲ್ಲ ಒಗೆಸಿಕೊಳ್ಳಲು ಬರುತ್ತಿದ್ದ ದೊಡ್ಡ ಲಾಂಡ್ರಿ ಅದು. ಒಗೆಯುವುದಕ್ಕೆ, ಹಿಂಡುವುದಕ್ಕೆ ಯಂತ್ರಗಳಿದ್ದವು. ಇಸ್ತ್ರಿಗೆ ಮಾತ್ರ ಹೆಂಗಸರು. ಉಗಿಯಲ್ಲಿ ನಿಂತು ನಿಂತು ಮೈಯೆಲ್ಲ ಬೆವರಾಗಿ ಹೋದರೂ ಅಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಬೀಗದ ಕೈ ಕೇಳಬೇಕು. ಕೇಳಿದರೆ ಒಂದಕ್ಕೋ ಎರಡಕ್ಕೋ. ಹೊಸದಾಗಿ ಸೇರಿದವರಿಗೆ ಅಜ್ಜಿ ಇಸ್ತ್ರಿ ಹಾಕುವುದಕ್ಕಿಂತ ಮೊದಲು ಹೇಳಿಕೊಡುತ್ತಿದ್ದ ಪಾಠವೆಂದರೆ ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಳ್ಳುವುದು.

“ಹೆಂಗಸರು ಒಳಗೆ ಹೋಗಿ ಕೂತು ಫೋನ್ ನೋಡ್ತಾರೆ, ಅದಕ್ಕೇ ಬೀಗ” ಎನ್ನುವುದು ಓನರ್ರ ವಾದ. ಆ ಕಕ್ಕಸಿನಲ್ಲಿ ಫೋನ್ ನೋಡುತ್ತ ಕೂರಬೇಕಾದರೆ ಮೂಗು ಮನೆಯಲ್ಲಿಟ್ಟು ಬರಬೇಕು.

ಆ ಸಂಜೆ ನಾದಿನಿಗೆ ಚಳಿಜ್ವರ ಬಂತು. ಅತ್ತಿಗೆ ಅವಳನ್ನು ಸರ್ಕಾರಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಎಳೆಯ ವಯಸ್ಸಿನವಳು, ಬೈಗುಳದಲ್ಲಿ ಮಾತ್ರ ಹಳಬಳು.

“ಉಚ್ಚೆ ಕಟ್ಕೊಂಡು ಕಟ್ಕೊಂಡು ಒಳಗೆಲ್ಲ ಸೋಂಕಾಗಿದೆ. ಏನ್ ಮಾಡ್ತಿದ್ರಿ ಇಷ್ಟು ದಿನ? ಮಾತ್ರೆ ಕೊಡ್ತೀನಿ. ಮಾತ್ರೆಗಿಂತ ಮುಖ್ಯ, ಚೆನ್ನಾಗಿ ನೀರು ಕುಡೀಬೇಕು, ಬಂದಾಗ್ಲೆಲ್ಲ ಹೋಗ್ಬೇಕು. ತಡ್ಕೊಂಡ್ರೆ ಸೋಂಕು ಮೇಲಕ್ಕೇರತ್ತೆ. ಹೆರಿಗೆ ಮುಂಚೇನೇ ಆಗ್ಬಿಡಬಹುದು. ಆಮೇಲೆ ಮಗು ಉಳಿಸ್ಕೊಡಿ ಅಂತ ನನ್ನ ಹತ್ರ ಅಳ್ಬೇಡಿ.”

“ಕೆಲಸದ ಕಡೆ ಬೀಗ ಹಾಕಿರ್ತಾರೆ ಮೇಡಂ.”

“ಹಾಗಾದ್ರೆ ಆ ಕೆಲಸ ಬಿಡಿ.”

ಕೆಲಸ ಬಿಡಿ ಎನ್ನುವವರು ಬಹಳ ಮಂದಿ. ಬಿಟ್ಟಮೇಲೆ ಒಲೆಯ ಮೇಲೇನಿಡಬೇಕು ಎಂದು ಹೇಳುವವರು ಇದುವರೆಗೆ ಅತ್ತಿಗೆಗೆ ಸಿಕ್ಕಿರಲಿಲ್ಲ. ನಾದಿನಿಯ ಗಂಡ ಲಾರಿ ಓಡಿಸುವವನು, ಅವನು ಮನೆಗೆ ಬರುವುದೆಂದರೆ ನೆಂಟರು ಬಂದ ಹಾಗೆ. ಮನೆಯ ಬಾಗಿಲಲ್ಲಿ ನಾದಿನಿ, “ಅತ್ತಿಗೇ, ಮಗು ಒದೀತಾ ಇದೆ. ನೀರು ಕೇಳ್ತಾ ಇರ್ಬೇಕು” ಎಂದು ನಕ್ಕಳು. ಅತ್ತಿಗೆಗೆ ನಗು ಬರಲಿಲ್ಲ. ಒಳಗೆ ಹೋಗಿ ಒಂದು ಚೊಂಬು ನೀರು ತಂದು ಅವಳ ಕೈಗಿಟ್ಟಳು.

ಮಾರನೆಯ ದಿನ ಅವಳು ನೇರ ಓನರ್ರ ಕೋಣೆಗೆ ಹೋದಳು. ಓನರ್ರು ದುಂಡಗಿನ ಮನುಷ್ಯ, ಕೂತ ಕುರ್ಚಿಯೂ ಅವರೂ ಒಂದೇ ಎರಕದಲ್ಲಿ ಹೊಯ್ದಂತಿದ್ದರು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ನೋಡು, ನಾನು ಕಾನೂನು ಬಿಟ್ಟು ಒಂದು ಹೆಜ್ಜೆ ಇಡೋನಲ್ಲ. ಕಾನೂನು ಪ್ರಕಾರ ಕಕ್ಕಸು ಇರಬೇಕು, ಇದೆ. ಕಾನೂನು ಪ್ರಕಾರ ಅದು ನನ್ನ ಸ್ವತ್ತು, ನನ್ನ ಸ್ವತ್ತಿಗೆ ನಾನು ಬೀಗ ಹಾಕ್ತೀನಿ. ನಿನ್ನ ನಾದಿನಿ ಬಸುರಿಯಾಗಿದ್ದಕ್ಕೂ ನನಗೂ ಏನು ಸಂಬಂಧ?” ಎಂದು, ತಾವು ಆಡಿದ ಮಾತಿಗೆ ತಾವೇ ಖುಷಿಯಾಗಿ, “ಸಂಬಂಧ ಇದ್ರೆ ಹೇಳು ಮತ್ತೆ!” ಎಂದರು.

ಅತ್ತಿಗೆ ಕೆನ್ನೆ ಉರಿಸಿಕೊಂಡು ಹೊರಗೆ ಬಂದಳು. ಹೊಲಸು ಮಾತು ಅವಳಿಗೆ ಹೊಸದಲ್ಲ, ಅದು ಆ ಕಿವಿಯಿಂದ ಹೋಯಿತು. ತಲೆಯಲ್ಲಿ ಉಳಿದದ್ದು ‘ಕಾನೂನು ಪ್ರಕಾರ’ ಎನ್ನುವ ಮಾತು. ಇಷ್ಟು ವರ್ಷ ಈ ಮನುಷ್ಯ ಅದನ್ನು ಹೇಳಿದಾಗಲೆಲ್ಲ ತಾವು ತಲೆಯಾಡಿಸಿದ್ದೇ ಬಂತು. ಒಬ್ಬಳಾದರೂ ಅದೆಲ್ಲಿದೆ ತೋರಿಸಿ ಅಂದದ್ದಿಲ್ಲ.

“ಹುಡುಕೋಣ ಕಣೇ,” ಎಂದಳು ಮನೆಗೆ ಬಂದು.

ನಾದಿನಿಯ ಫೋನಿನ ಗಾಜು ಒಡೆದು ಬಲೆಯಾಗಿತ್ತು, ಆದರೂ ಜೀವವಿತ್ತು. ಅದರ ಬಾಯಿಗೆ ಬಾಯಿಟ್ಟು ಅತ್ತಿಗೆ, “ಕೆಲಸದ ಜಾಗ. ಕಕ್ಕಸು. ಕಾನೂನು ಏನು?” ಎಂದು ಕಿವುಡರಿಗೆ ಹೇಳುವಂತೆ ಹೇಳಿದಳು. ಮೊದಲು ಕಾಣಿಸಿಕೊಂಡದ್ದು ಕಮೋಡ್ ಮಾರುವ ಅಂಗಡಿ. ಆಮೇಲೆ ಕಪ್ಪು ಕೋಟಿನವನೊಬ್ಬ, “ಈ ಒಂದು ಕಾನೂನು ಗೊತ್ತಾದ್ರೆ ನಿಮ್ಮ ಓನರ್ ಗಡಗಡ ನಡುಗ್ತಾನೆ!” ಎಂದು ಕಿರುಚಿದ. ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಅವನು ಕಿರುಚುತ್ತ ಕಿರುಚುತ್ತ ಕೊನೆಗೆ ಕೂದಲಿಗೆ ಹಚ್ಚುವ ಎಣ್ಣೆಯ ಸೀಸೆ ತೋರಿಸಿದ. ಮೂರನೆಯದು, ‘ವಕೀಲರ ಜೊತೆ ಉಚಿತವಾಗಿ ಮಾತಾಡಿ’. ಒತ್ತಿದರೆ ಒಂದು ಹೆಣ್ಣು ದನಿ ಸಿಹಿಯಾಗಿ ಹೆಸರು ಕೇಳಿ, ಊರು ಕೇಳಿ, ಕಾರ್ಡಿನ ನಂಬರು ಕೇಳಿತು. “ಉಚಿತ ಅಂದ್ರಲ್ಲಮ್ಮ” ಎಂದದ್ದಕ್ಕೆ ಫೋನ್ ಕಟ್ಟಾಯಿತು.

ಕೊನೆಗೊಂದು ಪುಟ ಸಿಕ್ಕಿತು. ಜಾಹೀರಾತಿಲ್ಲ, ಎಣ್ಣೆಯಿಲ್ಲ. ಮೇಲೆ ಸರ್ಕಾರದ ಮುದ್ರೆ, ಕೆಳಗೆ ಅಚ್ಚುಕಟ್ಟಾದ ಸಾಲುಗಳು. ಫೋನು ತಾನಾಗಿ ಎಲ್ಲವನ್ನೂ ತಮ್ಮ ಭಾಷೆಗೆ ತಿರುಗಿಸಿಕೊಟ್ಟಿತ್ತು. ಕೆಲಸಗಾರರಿಗೆ ಕಕ್ಕಸು ಇರತಕ್ಕದ್ದು. ಒಳಗಿನಿಂದ ಚಿಲಕ ಇರತಕ್ಕದ್ದು. ತಣ್ಣೀರು, ಬಿಸಿನೀರು ಎರಡೂ ಬರತಕ್ಕದ್ದು. ಕೈ ಒಣಗಿಸಲು ಬಿಸಿಗಾಳಿಯ ವ್ಯವಸ್ಥೆ ಇರತಕ್ಕದ್ದು.

“ಬಿಸಿಗಾಳಿ!” ನಾದಿನಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ನಮ್ಮ ಸರ್ಕಾರ ಇಷ್ಟು ಒಳ್ಳೇದಾ ಅತ್ತಿಗೇ?”

“ನಮಗೇನ್ ಗೊತ್ತು, ನಾವು ಯಾವತ್ತಾದ್ರೂ ಕೇಳಿದೀವಾ?”

ನಾಳೆಯೇ ಕೇಳುವುದೆಂದು ಆಯಿತು. ಅತ್ತಿಗೆ ಆ ಸಾಲುಗಳನ್ನು ಓದಿ ಓದಿ ಬಾಯಿಪಾಠ ಮಾಡಿದಳು. ಬೆಳಿಗ್ಗೆ ಇಸ್ತ್ರಿ ಕೋಣೆಯ ಹೆಂಗಸರೆಲ್ಲ ಬಾಗಿಲಲ್ಲಿ ಇಣುಕುತ್ತಿರುವಾಗ ಓನರ್ರ ಮುಂದೆ ನಿಂತು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಓನರ್ರು ಒಂದು ಕ್ಷಣ ನಿಜಕ್ಕೂ ಬೆದರಿದರು. ಬಿಸಿಗಾಳಿ ಎಂದಾಗ ಮಾತ್ರ ಅನುಮಾನ ಬಂದು ತಮ್ಮ ವಕೀಲರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. “ಇನ್ನೊಂದ್ಸಲ ಹೇಳು,” ಎಂದರು. ಅತ್ತಿಗೆ ಇನ್ನೊಂದು ಸಲ ಹೇಳಿದಳು.

ಫೋನಿನಲ್ಲಿ ವಕೀಲರು ಕೆಮ್ಮು ಬರುವಷ್ಟು ನಕ್ಕರು.

“ಅಮ್ಮಾ ತಾಯಿ, ಅದು ನಮ್ಮ ಕಾನೂನಲ್ಲಮ್ಮ. ಸಮುದ್ರದಾಚೆ ಯಾವುದೋ ದೇಶದ್ದು. ಅಲ್ಲಿ ಮಂಜು ಬೀಳತ್ತೆ, ಅದಕ್ಕೇ ಬಿಸಿಗಾಳಿ. ನಿನಗೆ ಬೇಕಾದ್ರೆ ಹಡಗು ಹತ್ತಿ ಹೋಗಿ ಅಲ್ಲೇ ಉಚ್ಚೆ ಹೊಯ್ದು ಬಾ!”

ಕುರ್ಚಿ ಕಿರುಗುಟ್ಟುವಂತೆ ಓನರ್ರ ಮೈಯೆಲ್ಲ ಕುಣಿಯಿತು. ಬೀಗರು ತೊಡೆ ತಟ್ಟಿಕೊಂಡು ನಕ್ಕರು. ಬಾಗಿಲಲ್ಲಿ ಇಣುಕುತ್ತಿದ್ದವರಲ್ಲೂ ಒಂದಿಬ್ಬರಿಗೆ ತಡೆಯಲಾಗಲಿಲ್ಲ, ಅವರನ್ನೇನೂ ಅನ್ನುವಂತಿರಲಿಲ್ಲ. ಅಂದಿನಿಂದ ಅವಳಿಗೆ ವಕೀಲಮ್ಮ ಎಂದು ಹೆಸರಾಯಿತು. “ಏನು ವಕೀಲಮ್ಮ, ಕೋರ್ಟಿಗೆ ಹೊತ್ತಾಯ್ತಾ? ಒಂದಕ್ಕೋ, ಎರಡಕ್ಕೋ?” ನಾದಿನಿ ಕೇಳಿದಾಗಲೆಲ್ಲ ಬೀಗದ ಕೈ ಬೇಕೆಂದೇ ಸಿಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. ಮೇಜಿನ ಮರೆಯಲ್ಲೇ ಆಗಿಹೋಯಿತು. ಅಜ್ಜಿ ಒದ್ದೆ ಬೆಡ್‌ಶೀಟುಗಳ ಗಂಟನ್ನೇ ಎಳೆದು ತಂದು ನೆಲದ ಮೇಲೆ ಕೆಡವಿದಳು, ಯಾವ ನೀರು ಯಾವುದೆಂದು ತಿಳಿಯದ ಹಾಗೆ. ನಾದಿನಿ ಇಸ್ತ್ರಿ ಹಾಕುತ್ತಲೇ ಅತ್ತಳು.

ಅತ್ತಿಗೆಗೆ ಆ ದಿನ ಊಟ ಸೇರಲಿಲ್ಲ. ಇನ್ನೊಬ್ಬಳಾಗಿದ್ದರೆ ಫೋನು ಮುಟ್ಟುವುದನ್ನೇ ಬಿಡುತ್ತಿದ್ದಳು. ಇವಳಿಗೆ ಒಳಗೊಳಗೇ ಒಂದು ಹಟ ಹಿಡಿಯಿತು. ಸಮುದ್ರದಾಚೆಯವರಿಗೊಂದು ಕಾನೂನಿದೆ ಅಂದಮೇಲೆ ಈಚೆಯವರಿಗೂ ಒಂದು ಇರಲೇಬೇಕಲ್ಲ! ವಕೀಲರು ‘ಅದು ನಮ್ಮದಲ್ಲ’ ಅಂದರೇ ಹೊರತು ನಮ್ಮದು ಯಾವುದು ಎಂದು ಹೇಳಲಿಲ್ಲ.

ವಾರದ ರಜೆಯ ದಿನ ನಾದಿನಿಯನ್ನು ಕರೆದುಕೊಂಡು ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದಳು. ಅಲ್ಲಿ ಪೇಪರ್ ಓದುವ ನೆವದಲ್ಲಿ ನಿದ್ದೆ ಮಾಡುವ ಮೂವರು ಮುದುಕರು, ಒಂದು ಕಂಪ್ಯೂಟರು, ಅದರ ಪಕ್ಕದಲ್ಲಿ ಕಡಲೆಬೀಜ ಸುಲಿಯುತ್ತ ಕೂತಿದ್ದ ಲೈಬ್ರರಿಯಮ್ಮ.

“ಏನ್ ಬೇಕಮ್ಮ? ಅಡುಗೆ ಪುಸ್ತಕವಾ?”

“ಕಕ್ಕಸಿನ ಕಾನೂನು.”

ಲೈಬ್ರರಿಯಮ್ಮ ಕಡಲೆಬೀಜ ಕೆಳಗಿಟ್ಟಳು. ಅತ್ತಿಗೆ ನಡೆದದ್ದೆಲ್ಲ ಹೇಳಿದಳು, ಬಿಸಿಗಾಳಿಯನ್ನೂ ಬಿಡಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ನಾದಿನಿ ಕಾಣಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹಿಂದಿನ ಓಣಿಯಿಂದ ಬಂದಳು, ಮುಖ ತೊಳೆದುಕೊಂಡು, ತವರಿಗೆ ಹೋಗಿ ಬಂದವಳಂತೆ. “ಬೀಗಾನೇ ಇಲ್ಲ ಅತ್ತಿಗೇ! ಯಾರೂ ಕೇಳಲಿಲ್ಲ. ಸುಮ್ನೆ ಕೂತಿದ್ದೆ.”

“ಕೂತ್ಕೊಳ್ಳಮ್ಮ, ಎಷ್ಟು ಸಲ ಬೇಕಾದ್ರೂ ಹೋಗು,” ಎಂದ ಲೈಬ್ರರಿಯಮ್ಮ ಕನ್ನಡಕ ಏರಿಸಿಕೊಂಡಳು. “ನೀವು ಮಾಡಿದ್ದು ತಪ್ಪೇನಲ್ಲ, ಅರ್ಧ ಕೆಲಸ. ಕಾನೂನು ಸಿಕ್ತು ಅಂದ ತಕ್ಷಣ ಬಾಯಿಪಾಠ ಮಾಡಬಾರದು. ಹೆಣ್ಣು ನೋಡೋಕೆ ಬಂದವರನ್ನ ವಿಚಾರಿಸ್ತೀವಲ್ಲ, ಹಾಗೆ ವಿಚಾರಿಸ್ಬೇಕು. ಯಾವ ಊರಿಂದು? ಯಾವ ಕಾಲದ್ದು? ಇನ್ನೂ ಬದುಕಿದೆಯಾ?”

“ಕಾನೂನು ಓದೋಕೆ ವಕೀಲರೇ ಆಗ್ಬೇಕಂತ ಏನಿಲ್ವಾ ಮೇಡಂ? ದುಡ್ಡು ಕಟ್ಬೇಕಾ?”

“ಯಾಕೆ ಕಟ್ಬೇಕು? ಕಾನೂನು ಮಾಡಿರೋದು ನಿನ್ನ ಮೇಲೆ ತಾನೆ? ನಿನಗೆ ಓದೋಕೆ ಕೊಡದೇನೆ ನಿನ್ನನ್ನ ಹಿಡಿದು ಒಳಗೆ ಹಾಕಿದ್ರೆ ಚೆನ್ನಾಗಿರತ್ತಾ? ಪುಗಸಟ್ಟೆ ಇಟ್ಟಿದಾರೆ. ಎಲ್ಲಿಟ್ಟಿದಾರೆ ಅಂತ ಯಾರಿಗೂ ಹೇಳಿಲ್ಲ, ಅಷ್ಟೇ.”

ಅವಳು ತೆರೆದದ್ದು ತಮ್ಮದೇ ಸರ್ಕಾರದ ಜಾಲತಾಣ. ಇದ್ದಬದ್ದ ಕಾಯಿದೆಗಳೆಲ್ಲ ಅಲ್ಲಿ ವರ್ಷವಾರು ಸಾಲಾಗಿ ಕೂತಿದ್ದವು. ಮೊದಲು ಸಿಕ್ಕಿದ್ದು ಅಜ್ಜನ ಕಾಲದ್ದು. ಕಾರ್ಖಾನೆಯಲ್ಲಿ ಕೆಲಸಗಾರರಿಗೆ ಉಗುಳಲು ಪಾತ್ರೆಗಳನ್ನು ಇಡತಕ್ಕದ್ದು ಎಂದಿತ್ತು.

“ಉಗುಳೋಕೆ ಪಾತ್ರೆ ಯಾಕೆ, ನಮಗೆ ಬೀಗರ ಮುಖ ಇದೆಯಲ್ಲ,” ಎಂದಳು ನಾದಿನಿ. ನಿದ್ದೆಯಲ್ಲಿದ್ದ ಮುದುಕರಲ್ಲೊಬ್ಬ ಕಣ್ಣು ಬಿಟ್ಟ.

“ಇದು ಸತ್ತಿದೆ,” ಎಂದಳು ಲೈಬ್ರರಿಯಮ್ಮ, ಪುಟದ ತುದಿಯಲ್ಲಿದ್ದ ಸಣ್ಣ ಅಕ್ಷರ ತೋರಿಸಿ. “ರದ್ದಾಗಿದೆ ಅಂತ ಬರೆದಿದೆ ನೋಡು. ಇದರ ಬದಲು ಬಂದಿದ್ದು ಯಾವುದು ಅಂತ ಇಲ್ಲೇ ಇರತ್ತೆ. ನೀನೇ ಒತ್ತು.”

ಅತ್ತಿಗೆ ಒತ್ತಿದಳು. ಅವಳ ಬೆರಳ ತುದಿ ಇಸ್ತ್ರಿಪೆಟ್ಟಿಗೆಗೆ ಸುಟ್ಟು ಸುಟ್ಟು ದಪ್ಪಗಾಗಿ, ಮೌಸು ಅಲ್ಲಿ ಇಲ್ಲಿ ಹಾರಾಡುತ್ತಿತ್ತು. ಕೋಳಿ ಹಿಡಿದಂತೆ ಅದನ್ನು ಅಮುಕಿ ಹಿಡಿದು ಒಂದೊಂದೇ ಪುಟ ಇಳಿದಳು. ಗಾಳಿ, ಬೆಳಕು, ಕುಡಿಯುವ ನೀರು ಎಲ್ಲ ಕಳೆದು, ಕೊನೆಗೆ ಸಿಕ್ಕಿತು. ‘ಕೆಲಸಗಾರರು ಕೆಲಸದ ಜಾಗದಲ್ಲಿ ಇರುವಷ್ಟು ಹೊತ್ತೂ, ಎಲ್ಲ ವೇಳೆಯಲ್ಲೂ, ಶೌಚಾಲಯವು ಅವರಿಗೆ ತಡೆಯಿಲ್ಲದೆ ದೊರೆಯುವಂತಿರತಕ್ಕದ್ದು.’

ಅವಳು ಅದನ್ನು ಓದಿದಳು. ಯಾವ ಊರಿಂದು ಎಂದು ನೋಡಿದಳು, ಈ ಊರಿಂದೇ. ಬದುಕಿದೆಯಾ ಎಂದು ನೋಡಿದಳು, ಬದುಕಿತ್ತು. ಇಷ್ಟು ವರ್ಷ ಇಲ್ಲೇ ಇದ್ದು, ತಾವು ತುಟಿ ಸವರಿಕೊಂಡು ನಿಂತಾಗಲೂ ಇದ್ದು, ನಾದಿನಿ ಮೇಜಿನ ಮರೆಯಲ್ಲಿ ಅತ್ತಾಗಲೂ ಇದ್ದು, ಒಂದು ಮಾತು ಹೇಳದೆ ಕೂತಿತ್ತು ಹಾಳಾದ್ದು. ಅವಳಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಲೈಬ್ರರಿಯಮ್ಮ ಬಿಡಲಿಲ್ಲ. ಕೋರ್ಟುಗಳು ತೀರ್ಪುಗಳನ್ನು ಪುಗಸಟ್ಟೆ ಓದಲು ಇಟ್ಟ ತಾಣ ತೋರಿಸಿದಳು. ಯಾವುದೋ ನೂಲಿನ ಗಿರಣಿಯ ಕೆಲಸಗಾರರು ಹಿಂದೆ ಯಾವಾಗಲೋ ಇದೇ ವಿಷಯಕ್ಕೆ ಹೊಡೆದಾಡಿದ್ದರು. ನ್ಯಾಯಾಧೀಶರು ಪುಟಗಟ್ಟಲೆ ಬರೆದಿದ್ದರು. ಕೇಳಿ, ಬೇಡಿ, ಕಾರಣ ಹೇಳಿ ಪಡೆಯುವುದನ್ನು ತಡೆಯಿಲ್ಲದೆ ದೊರೆಯುವುದು ಎನ್ನಲಾಗದು ಎಂದಿದ್ದರು. “ಅಷ್ಟು ದೊಡ್ಡ ಮನುಷ್ಯರು ಕಕ್ಕಸಿನ ಮೇಲೆ ಇಷ್ಟುದ್ದ ಬರೆದಿದಾರಲ್ಲ” ಎಂದು ನಾದಿನಿ ಬೆರಗಾದಳು. ಕೊನೆಗೆ ಲೈಬ್ರರಿಯಮ್ಮ ಉಚಿತ ಕಾನೂನು ನೆರವಿನವರ ಫೋನ್ ನಂಬರು ಕೊಟ್ಟಳು. ಅಲ್ಲಿನ ಹುಡುಗಿ ಕಾರ್ಡಿನ ನಂಬರು ಕೇಳಲಿಲ್ಲ. ಕಾರ್ಮಿಕ ಇಲಾಖೆಯ ತಾಣದಲ್ಲಿ ದೂರು ಹಾಕುವುದು ಹೇಗೆಂದು ಸಮಾಧಾನವಾಗಿ ಹೇಳಿಕೊಟ್ಟಳು. ಅಲ್ಲೇ ಕೂತು ಹಾಕಿದರು.

ಮರುದಿನದಿಂದ ಇಸ್ತ್ರಿ ಕೋಣೆಯಲ್ಲಿ ಒಂದು ಹೊಸ ಪಾಠ ಶುರುವಾಯಿತು. ಅತ್ತಿಗೆ ಪೆಟ್ಟಿಗೆ ಮುಂದಕ್ಕೆ ತಳ್ಳುತ್ತ, “ಇರುವಷ್ಟು ಹೊತ್ತೂ” ಅಂದರೆ, ಹಿಂದಕ್ಕೆ ಎಳೆಯುತ್ತ ಎಲ್ಲರೂ, “ಎಲ್ಲ ವೇಳೆಯಲ್ಲೂ” ಅನ್ನುತ್ತಿದ್ದರು. ಬೀಗರಿಗೆ ಅದು ಯಾವುದೋ ಸಿನಿಮಾ ಹಾಡೆನ್ನಿಸಿತು. “ರಾಗ ಸರಿಯಿಲ್ಲ” ಎಂದು ಹೇಳಿಹೋದರು.

ದೂರು ವಿಚಾರಿಸಲು ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರು ಬರುವ ದಿನ ಇಸ್ತ್ರಿ ಕೋಣೆಗಿಂತ ಮೊದಲು ಓನರ್ರಿಗೆ ಗೊತ್ತಾಗಿತ್ತು. ಬೆಳಿಗ್ಗೆ ಹೆಂಗಸರು ಬಂದು ನೋಡಿದರೆ ಕಕ್ಕಸಿನ ಬಾಗಿಲಿಗೆ ಬೀಗವೇ ಇಲ್ಲ. ಗೋಡೆಗೆ ಸುಣ್ಣ. ಹೊಸ ಬಕೆಟ್ಟು, ಗುಲಾಬಿ ಬಣ್ಣದ ಸೋಪು. ನಾದಿನಿ ಅದನ್ನು ಮೂಸಿ, “ಮದುವೆ ಮನೆ ಇದ್ದಂಗಿದೆ” ಎಂದಳು.

ಜೀಪಿನಿಂದ ಇಳಿದ ಇನ್‌ಸ್ಪೆಕ್ಟರು ಮೂಗಿಗೆ ಕರವಸ್ತ್ರ ಹಿಡಿದು ಅಂಗಳ ದಾಟಿ, ಕಕ್ಕಸಿನೊಳಗೆ ಇಣುಕಿ, ಕರವಸ್ತ್ರ ತೆಗೆದರು.

“ಏನ್ರೀ, ನಮ್ಮನೇದೇ ಇಷ್ಟು ಚೆನ್ನಾಗಿಲ್ಲ! ಯಾರು ದೂರು ಕೊಟ್ಟಿದ್ದು?”

“ಇವಳೇ ಸಾರ್, ವಕೀಲಮ್ಮ,” ಎಂದರು ಓನರ್ರು, ಮನೆಯ ತುಂಟ ಮಗುವನ್ನು ತೋರಿಸುವಂತೆ.

ಅತ್ತಿಗೆ ಮುಂದೆ ಬಂದಳು. ಆ ಸಾಲು ಪೂರ್ತಿ ಹೇಳಿದಳು. “ದಿನಾ ಬೀಗ ಹಾಕ್ತಾರೆ ಸಾರ್. ಇವತ್ತು ನೀವು ಬರ್ತೀರ ಅಂತ ತೆಗೆದಿದಾರೆ. ಇವಳು ಬಸುರಿ, ಡಾಕ್ಟ್ರು ಉಚ್ಚೆ ಕಟ್ಬಾರ್ದು ಅಂದಿದಾರೆ. ಮಗು ಹೋಗತ್ತೆ ಅಂದಿದಾರೆ.”

“ನೋಡಮ್ಮ, ನಾನು ಕಣ್ಣಿಗೆ ಕಂಡಿದ್ದನ್ನ ಬರೆಯೋನು. ಕಕ್ಕಸು ಕಾಣ್ತಿದೆ, ಬೀಗ ಕಾಣ್ತಿಲ್ಲ. ಏನಂತ ಬರೀಲಿ?”

“ಅವನ ಪ್ಯಾಂಟಿನ ಜೇಬು ಉಬ್ಬಿದೆಯಲ್ಲ ಸಾರ್,” ಎಂದಳು ಅಜ್ಜಿ ಬೀಗರ ಕಡೆ ಗದ್ದ ಎತ್ತಿ. “ಅದೇನು ಅಂತ ಕೇಳಿ. ಈ ವಯಸ್ಸಲ್ಲಿ ನನ್ನ ನೋಡಿ ಉಬ್ಬಿರಲಾರದು.”

ಹೆಂಗಸರು ಗೊಳ್ಳೆಂದರು. ವ್ಯಾನಿಗೆ ಗಂಟು ಹೇರುವವರೂ ಬಿದ್ದು ಬಿದ್ದು ನಕ್ಕರು, ಈ ಸಲ ನಗು ಬೀಗರ ಪಾಲಿಗೆ ಬಂತು. ಬೀಗರು ಜೇಬಿನ ಮೇಲೆ ಕೈಯಿಟ್ಟುಕೊಂಡು ಕೆಂಪಾದರು. ಇನ್‌ಸ್ಪೆಕ್ಟರು ನಗಲಿಲ್ಲ. “ಹೆಂಗಸರು ಆಡೋ ಮಾತಾ ಇದು? ಸರ್ಕಾರಿ ಕೆಲಸಕ್ಕೆ ಬಂದಿದೀನಿ ನಾನು,” ಎಂದು ಗದರಿ, ಓನರ್ರ ಹೆಗಲ ಮೇಲೆ ಕೈಹಾಕಿ ಚಹಾ ಕುಡಿಯಲು ಒಳಗೆ ಹೋದರು.

ಕಕ್ಕಸಿನ ಬಾಗಿಲಂತೂ ತೆರೆದಿತ್ತು. “ಕುಡೀರೇ,” ಎಂದಳು ಅತ್ತಿಗೆ. “ಇವತ್ತೊಂದು ದಿನನಾದ್ರೂ ಕುಡೀರಿ.” ಹೆಂಗಸರು ಇಸ್ತ್ರಿಪೆಟ್ಟಿಗೆ ಆರಿಸಿ ನೀರಿನ ಡ್ರಮ್ಮಿನ ಸುತ್ತ ನೆರೆದರು. ಲೋಟದ ಮೇಲೆ ಲೋಟ ಇಳಿಯಿತು. ಕುಡಿದು ಅಭ್ಯಾಸ ತಪ್ಪಿ ಒಬ್ಬಳಿಗೆ ಬಿಕ್ಕಳಿಕೆ ಬಂತು. ಒಬ್ಬೊಬ್ಬರಾಗಿ ಅಂಗಳದ ಮೂಲೆಗೆ ಹೋಗಿ, ಯಾರಿಗೂ ಹೇಳದೆ, ಯಾರನ್ನೂ ಕೇಳದೆ ಬಂದರು. ಬರುವಾಗ ಗುಲಾಬಿ ಸೋಪಿನ ವಾಸನೆ ಬೇರೆ. ನಾದಿನಿ ಎರಡನೆಯ ಸಲ ಹೋದಳು.

ಅಷ್ಟರಲ್ಲಿ ಇನ್‌ಸ್ಪೆಕ್ಟರು ಹೊರಬಂದು ಜೀಪು ಹತ್ತಿದರು. ಬೀಗರಿಗೆ ಇಷ್ಟು ಹೊತ್ತು ಜೇಬಿನಲ್ಲಿ ಬೆಂಕಿಯಿಟ್ಟುಕೊಂಡಂತಾಗಿತ್ತೇನೋ. ಜೀಪಿನ ಬಾಗಿಲು ಮುಚ್ಚಿದ ಸದ್ದು ಕೇಳಿದ್ದೇ ತಡ, ಜೇಬಿನ ಬೀಗ ತೆಗೆದುಕೊಂಡು ದಾಪುಗಾಲಿಡುತ್ತ ಮೂಲೆಗೆ ಹೋದರು. ಬಾಗಿಲು ಒಳಗಿಂದ ಹಾಕಿತ್ತು.

“ಯಾವಳೇ ಒಳಗೆ? ಬಾರೇ ಈಚೆಗೆ!”

“ಇರಿ ಸಾರ್, ಮುಗೀಲಿ.”

“ಮುಗಿಯೋದೇನು ಮುಗಿಯೋದು, ಮುಂಡೆ! ಎದ್ದು ಬಾ ಅಂದ್ರೆ!”

ಒಳಗಿನಿಂದ ನಾದಿನಿಯ ದನಿ, ನಿಧಾನವಾಗಿ, ರಾಗವಾಗಿ ಬಂತು. “ಇರುವಷ್ಟು ಹೊತ್ತೂ...”

“ಎಲ್ಲ ವೇಳೆಯಲ್ಲೂ!” ಎಂದರು ಅಂಗಳದಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ, ನಗುತ್ತ.

ಆ ನಗು ಬೀಗರಿಗೆ ಸಹಿಸಲಾಗಲಿಲ್ಲ. ಹೊರಗಿನ ಚಿಲಕವನ್ನು ಫಟ್ಟನೆ ಎಳೆದು, ಬೀಗ ಸಿಕ್ಕಿಸಿ ಅದುಮಿದರು.

ನಗು ನಿಂತಿತು. ಒಳಗಿನಿಂದ ಬಾಗಿಲು ತಳ್ಳಿದ ಸದ್ದಾಯಿತು. ಇನ್ನೊಂದು ಸಲ ತಳ್ಳಿದ ಸದ್ದಾಯಿತು.

“ಬೋಳಿಮಗನೇ, ಬಸುರಿ ಕಣೋ ಒಳಗಿರೋಳು!” ಅಜ್ಜಿ ಕಿರುಚಿದಳು. “ತೆಗೆಯೋ!”

“ಇರ್ಲಿ ಬಿಡು. ಎಲ್ಲ ವೇಳೆಯಲ್ಲೂ ಅಲ್ಲೇ ಇರ್ಲಿ,” ಎಂದು ಬೀಗರು ಬೀಗದ ಕೈಯನ್ನು ಅಂಗಿಯೊಳಗೆ ಇಳಿಬಿಟ್ಟರು.

ಅವನ ಕತ್ತು ಹಿಡಿ ಎಂದು ಅತ್ತಿಗೆಯ ಕೈ ಹೇಳುತ್ತಿತ್ತು, ಕಾಲು ಮಾತ್ರ ಬೇರೆ ಕಡೆ ಓಡಿತು. ಗೇಟಿನಲ್ಲಿ ಜೀಪು ತಿರುಗುತ್ತಿತ್ತು. ಅವಳು ಅದರ ಮುಂದೆ ಹೋಗಿ ನಿಂತು, ಎರಡೂ ಕೈಯನ್ನು ಬಾನೆಟ್ಟಿನ ಮೇಲೆ ಊರಿದಳು. ಬಾನೆಟ್ಟು ಸುಡುತ್ತಿತ್ತು. ಆ ಕೈಗಳಿಗೆ ಅದೇನೂ ದೊಡ್ಡದಲ್ಲ. ಡ್ರೈವರು ಹಾರ್ನ್ ಬಾರಿಸಿದ. ಅಂಗಳದಿಂದ ಹೆಂಗಸರು ಒಬ್ಬರ ಹಿಂದೊಬ್ಬರು ಬಂದರು. ಅಜ್ಜಿ ಏದುಸಿರು ಬಿಡುತ್ತ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಬಿಕ್ಕಳಿಕೆಯವಳು ಇನ್ನೊಂದು ಚಕ್ರಕ್ಕೆ. ಉಳಿದವರು ಅವರ ಪಕ್ಕ, ಕಾಲು ಚಾಚಿಕೊಂಡು.

“ಎಳೆದು ಹಾಕ್ರೋ ಅವರನ್ನ!” ಮೆಟ್ಟಿಲ ಮೇಲಿನಿಂದ ಓನರ್ರು ಅರಚಿದರು. ಗಂಟು ಹೇರುವವರು ಎರಡು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತುಬಿಟ್ಟರು.

ಡ್ರೈವರು ಎಂಜಿನ್ ಆರಿಸಿದ. ಆಗ ಅಂಗಳದ ಮೂಲೆಯಿಂದ ಬಾಗಿಲು ಬಡಿಯುವ ಸದ್ದು ಎಲ್ಲರಿಗೂ ಕೇಳಿಸಿತು. “ಅತ್ತಿಗೇ... ಅತ್ತಿಗೇ...”

ಇನ್‌ಸ್ಪೆಕ್ಟರು ಮುಂದೆ ನೋಡುತ್ತ ಕಿಟಕಿಯ ಗಾಜು ಏರಿಸತೊಡಗಿದರು. ಅತ್ತಿಗೆ ಬಾನೆಟ್ಟು ಬಿಟ್ಟು ಕಿಟಕಿಗೆ ಬಂದಳು. ಏರುತ್ತಿದ್ದ ಗಾಜಿನ ಮೇಲಿನಿಂದ ಕೈ ಒಳಗೆ ತೂರಿಸಿ, ಗಾಜನ್ನು ಬಿಗಿಯಾಗಿ ಹಿಡಿದುಕೊಂಡಳು.

“ಇಳೀರಿ,” ಎಂದಳು. “ಈಗ ಬೀಗ ಕಾಣತ್ತೆ. ಬಂದು ನೋಡಿ ಬರೀರಿ.”

ಗಾಜು ಅವಳ ಕೈಯನ್ನು ಒತ್ತಿತು. ಅವಳು ಬಿಡಲಿಲ್ಲ.